ಬೀಗದ ಕೈ

ಇನ್ವರ್ನೆಸ್ಸಿನ ಹಳೇ ಬ್ಯಾಂಕು. ಮೂರನೆಯ ಮಹಡಿಯಲ್ಲಿ ಆಯೋಗ.
ಸಾಕ್ಷಿಯ ಪಕ್ಕ ಕೂರುವುದು ನನ್ನ ಕೆಲಸ.
ನಡುವೆ ಮಾತಾಡುವಂತಿಲ್ಲ,
ಕೇಳದೆ ಮುಟ್ಟುವಂತಿಲ್ಲ;
ಲೋಟಕ್ಕೆ ನೀರು ತುಂಬಬಹುದು,
ಬಿಸ್ಕತ್ತಿನ ತಟ್ಟೆ ತುಸು ಹತ್ತಿರ ಸರಿಸಬಹುದು.

ಟೊರ್ಕಿಲ್ ಮ್ಯಾಕಾಸ್ಕಿಲ್, ಎಪ್ಪತ್ತಮೂರು.
ನಲವತ್ತು ವರ್ಷ ದೋಣಿಕಟ್ಟೆಯಲ್ಲಿ ಹಗ್ಗ ಹಿಡಿದವರು.
ದ್ವೀಪದಿಂದ ದ್ವೀಪಕ್ಕೆ ಜನರನ್ನು, ಕುರಿಗಳನ್ನು,
ಒಮ್ಮೆ ಒಂದು ಪಿಯಾನೋವನ್ನು ದಾಟಿಸಿದವರು.
ಇವತ್ತು ಇಸ್ತ್ರಿಯ ಅಂಗಿ.
ಕಾಲರಿನೊಳಗೆ ಕತ್ತು ಅತ್ತಿತ್ತ ಜಾಗ ಹುಡುಕುತ್ತಿದೆ.

ಮೊದಲು ಅವರಿಗೊಂದು ನಮೂನೆ ಕಳಿಸಿದ್ದೆವು.
'ನಡೆದದ್ದನ್ನು ವಿವರಿಸಿ'. ಕೆಳಗೆ ಆರು ಗೆರೆ.
ಆರರಲ್ಲೂ ಅವರು ಬರೆದದ್ದು ಊಟದ ಬಗ್ಗೆ:
ಶಾಲೆಯ ಗಂಜಿಗೆ ಉಪ್ಪು ಸರಿಯಾಗಿರುತ್ತಿತ್ತು, ಎಂದು.
ಏಳನೆಯ ಗೆರೆಗೆ ಎರಡು ವರ್ಷ ಹಿಡಿಯಿತು.

ವಕೀಲೆ ಮೆಲ್ಲಗೆ ಕೇಳುತ್ತಾಳೆ:
ಮಲಗುವ ಕೋಣೆಯಲ್ಲಿ ಎಷ್ಟು ಮಂಚ?
ಇಪ್ಪತ್ತೆರಡು.
ನಿಮ್ಮದು?
ಬಾಗಿಲಿಂದ ನಾಲ್ಕನೆಯದು.
ಆಮೇಲೆ, ಯಾರೂ ಕೇಳದೆ:
ಮೂರನೆಯದು ಡೂಗಲ್ಡ್ ನಿವೆನ್‌ದು.

ಆಗ ಹಿಂದಿನ ಸಾಲಿನಲ್ಲಿ ಯಾರೋ
ಕೋಟಿನ ಜೇಬು ತಡಕಿದರು.
ಝಲ್.
ಅಷ್ಟೇ. ಕಾರಿನದೋ ಮನೆಯದೋ, ನಾಲ್ಕು ಕೀಲಿ.

ಹಗ್ಗ ಬಿಚ್ಚಿದ ದೋಣಿಯ ಹಾಗೆ
ಮುಖ ದಡ ಬಿಟ್ಟು ಸರಿಯಿತು.
ಬೆರಳು ಮೊಣಕಾಲಿನ ಬಟ್ಟೆಯನ್ನು
ಚಾದರದಂತೆ ಅವುಚಿಕೊಂಡವು.
ನನ್ನ ಕಣ್ಣೆದುರೇ ಎಪ್ಪತ್ತಮೂರು ಒಂಬತ್ತಾಯಿತು;
ಅವರು ಹೋಗಿ ಅವನಾದರು.

ಬೀಗದ ಕೈ, ಬೀಗದ ಕೈ.
ಆ ಕೈಗೆ ಐದು ಬೆರಳೂ ಇದ್ದವೆಂದು
ನನಗೆ ಗೊತ್ತಾದದ್ದು ಆವತ್ತು.

ಅಧ್ಯಕ್ಷೆ ಪೆನ್ನಿಗೆ ಮುಚ್ಚಳ ಹಾಕಿದರು. ನಾಳೆಗೆ ಮುಂದೂಡಿಕೆ.
ಓಣಿಯ ಬೆಂಚಿನ ಮೇಲೆ, ಗೋಡೆಗೆ ಹೇಳುವಂತೆ, ಅವನು ಹೇಳಿದ:

ಮೇಷ್ಟ್ರಿಗಿಂತ ಮೊದಲು ಆ ಸದ್ದು ಬರುತ್ತಿತ್ತು.
ನಾವು ಉಸಿರು ಕಟ್ಟಿ ಎಣಿಸುತ್ತಿದ್ದೆವು.
ಒಂದು. ಎರಡು.
ಮೂರಕ್ಕೆ ನಿಂತಿತೋ, ನನಗೆ ಖುಷಿ.
ಖುಷಿ, ಇಷ್‌ಬೆಲ್.
ಅದನ್ನು ಬರೆಯಲು ನಿಮ್ಮ ನಮೂನೆಯಲ್ಲಿ ಜಾಗ ಎಲ್ಲಿದೆ?

ನಮ್ಮ ಕೈಪಿಡಿಯ ಹದಿನೇಳನೆಯ ಪುಟದಲ್ಲಿ
ಇದಕ್ಕೆ ಕೊಡಬೇಕಾದ ಉತ್ತರವಿದೆ.
ಬಾಯಿಪಾಠ ಇತ್ತು. ಕೊಡಲಿಲ್ಲ.
ಡೂಗಲ್ಡ್ ಈಗ ಎಲ್ಲಿ, ಎಂದು ಕೇಳಿದೆ.
ಹತ್ತೊಂಬತ್ತಕ್ಕೇ ಹೋದ, ಅಂದ. ಸಮುದ್ರಕ್ಕೆ.
ಆಕಸ್ಮಿಕ ಅಂತ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಕಾವಲಿನ ಸೆಂಗಾ
ಬಾಗಿಲಾಚೆ ಬಿಸ್ಕತ್ತಿನ ಖಾಲಿ ಡಬ್ಬಿ ಇಟ್ಟು ನಿಂತಿದ್ದಳು.
ಆದೇಶವೇನೂ ಇರಲಿಲ್ಲ.
ಅಧ್ಯಕ್ಷೆ ತಮ್ಮ ಕೀಲಿಗಳನ್ನು ಹಾಕಿದರು. ಬೆರಳಚ್ಚಿನ ಹುಡುಗ ಹಾಕಿದ.
ಶಾಲೆಯ ಪರ ವಕೀಲನೂ ಹಾಕಿದ:
ಅವನ ಗೊಂಚಲಿಗೆ ಒಂದು ಪ್ಲಾಸ್ಟಿಕ್ ಪೆಂಗ್ವಿನ್,
ಮಗಳದಿರಬೇಕು.
ಬೀಳುವಾಗ ಸದ್ದಾಗದಿರಲೆಂದು ಸೆಂಗಾ
ತಳಕ್ಕೆ ತನ್ನ ಉಣ್ಣೆಯ ಟೋಪಿ ಹಾಸಿದ್ದಳು.

ಎರಡು ಗಂಟೆ ಹದಿನಾಲ್ಕು ನಿಮಿಷ ಮಾತಾಡಿದರು.
ಏನೆಂದು ನಾನಿಲ್ಲಿ ಬರೆಯುವುದಿಲ್ಲ;
ಅದು ಅವರದು, ಅವರು ಕೊಟ್ಟದ್ದು ದಾಖಲೆಗೆ, ಪದ್ಯಕ್ಕಲ್ಲ.
ಇಷ್ಟು ಹೇಳಬಹುದು: ನಿವೆನ್ ಎಂಬ ಹೆಸರು ಬಂದಾಗಲೆಲ್ಲ
ತಡೆದು, ಬೆರಳಚ್ಚಿನವನ ಕಡೆ ತಿರುಗಿ,
ಅಕ್ಷರ ಸರಿಯಿದೆಯಾ ನೋಡಪ್ಪ, ಎನ್ನುತ್ತಿದ್ದರು.

ವರದಿ ಬರಲು ಇನ್ನೂ ಮೂರು ವರ್ಷ.
ಕ್ಷಮಾಪಣೆಯ ಕಾಗದ ಬಂದರೂ ಬಂದೀತು,
ಮೊಹರು ಹೊತ್ತು, ಸಹಿ ಯಾರದೋ ಹೊತ್ತು.
ಮಂಗಳವಾರದ ಫೋನು ಮಾತ್ರ ನನ್ನದು; ಅದು ನಿಲ್ಲದು.

ರೈಲು ಹತ್ತುವಾಗ ತಿರುಗಿ ನಿಂತರು.
ನಮ್ಮ ಮನೆಗೆ ಯಾವತ್ತೂ ಬೀಗ ಹಾಕಿದ್ದಿಲ್ಲ, ಅಂದರು.
ದ್ವೀಪದಲ್ಲಿ ಯಾರೂ ಹಾಕುವುದಿಲ್ಲ.
ಅದಕ್ಕೇ ಯಾಕೆಂದು ಯಾರೂ ಕೇಳಲಿಲ್ಲ.

ನಾಳೆ ಹತ್ತೂವರೆಗೆ ಇನ್ನೊಬ್ಬಾಕೆ.
ಸಾಬೂನಿನ ವಾಸನೆ ಆಗುವುದಿಲ್ಲವಂತೆ.
ಸೆಂಗಾ ಆಗಲೇ ಬಚ್ಚಲಿನ ಕಡೆ ನಡೆದಿದ್ದಾಳೆ,
ತೋಳು ಮಡಚುತ್ತ.