ಮೂರು ಹೋಳು

ಕಪನೂರಿನ ಬೇಳೆ ಗಿರಣಿಯ ಹಿಂಬದಿಗೆ ನನ್ನ ಬಾಡಿಗೆ ಕೋಣೆ.
ಗೋಡೆಗೆ ಕಿವಿಯಿಟ್ಟರೆ ಫುಸ್ ಫುಸ್,
ಬಣ್ಣ ಆರಿಸುವ ಯಂತ್ರ ಗಾಳಿ ಉಗುಳುತ್ತದೆ:
ಕರಿಕಾಳು, ಸಿಪ್ಪೆ ಬಿಡದ್ದು, ಹರಳು,
ಬೀಳುಬೀಳುತ್ತಲೇ ಕ್ಯಾಮೆರಾ ಹಿಡಿದು
ಕೆಳಗೆ ಮುಟ್ಟುವ ಮೊದಲೇ ಪಕ್ಕಕ್ಕೆ ಊದಿಬಿಡುತ್ತದೆ.

ನನ್ನ ಕೆಲಸವೂ ಇದೇ, ಎಂದು
ಆಪರೇಟರ್ ಚಂದಾಸಾಬರಿಗೆ ಹೇಳಿದ್ದೆ ಒಮ್ಮೆ.
ದೂರದೇಶದ ನೆಲದಡಿ ಇಪ್ಪತ್ತೇಳು ಕಿಲೋಮೀಟರಿನ ಉಂಗುರ,
ಸೆಕೆಂಡಿಗೆ ನಾಲ್ಕು ಕೋಟಿ ಸಲ ಪ್ರೋಟಾನುಗಳ ಮುಖಾಮುಖಿ,
ಇಟ್ಟುಕೊಳ್ಳುವುದು ಸಾವಿರ.
"ಉಳದದ್ದು?"
ಇಲ್ಲ.
"ದನಕ್ಕೂ ಹಾಕಂಗಿಲ್ಲ?"
ಇಲ್ಲ ಚಾಚಾ. ಇತ್ತೆಂಬ ಗುರುತೂ ಇರುವುದಿಲ್ಲ.
ಅವರು ಸಂಜೆಗೊಮ್ಮೆ ಊದಿದ ಗುಡ್ಡೆಯಿಂದ ಬೊಗಸೆ ತುಂಬಿ
ಪರಸಿಯ ಮೇಲೆ ಹರಡಿ ನೋಡುವವರು,
ಯಂತ್ರದ ಕಣ್ಣು ತಪ್ಪಿತೇನೋ ಎಂದು.
ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಕಾಯುವುದು ಟೌ ಎಂಬ ಕಣವನ್ನು.
ಹುಟ್ಟಿದ ಗಳಿಗೆಯೇ ಅದರ ಕೊನೆಯ ಗಳಿಗೆ;
ಸಾಯುವಾಗಲೂ ಹೇಗೆ ಬೇಕೋ ಹಾಗೆ ಒಡೆಯುವಂತಿಲ್ಲ, ಲೆಕ್ಕವಿದೆ.
ಆದರೂ ಎಲ್ಲೋ ಒಂದು, ಲೆಕ್ಕದ ಕಣ್ಣು ತಪ್ಪಿಸಿ,
ಮೂರು ಮ್ಯೂಆನ್ ಆಗಿ ಒಡೆದರೆ
(ಮೂರೇ, ಜೊತೆಗೆ ಇನ್ನೇನೂ ಇಲ್ಲದೆ)
ಪುಸ್ತಕ ತಿದ್ದಬೇಕಾಗುತ್ತದೆ.

ನಾಲ್ಕು ವರ್ಷ ಜರಡಿಯ ಕಣ್ಣು ಅಳೆದೆ.
ಆಸೆ ಬೆರಳಿಗೆ ಇಳಿಯಬಾರದೆಂದು
ಪೆಟ್ಟಿಗೆ ಮುಚ್ಚಿಯೇ ಇಟ್ಟು
ಒಳಗೆ ಸುಳ್ಳು ಮಾಲು ಎಷ್ಟಿದ್ದೀತು, ಮೊದಲೇ ಬರೆದೆ:
ಎರಡು.

ಮೇ ತಿಂಗಳ ಕಲಬುರಗಿ, ಕರೆಂಟು ಹೋಗಿತ್ತು.
ಇನ್ವರ್ಟರ್ ಚೀರುತ್ತಿರುವಾಗಲೇ ತೆರೆದೆವು,
ಪರದೆಯಲ್ಲಿ ಹದಿನಾಲ್ಕು ಮುಖ, ಒಂದರದೂ ಮಾತಿಲ್ಲ.
ಎರಡು.

ಅಂದರೆ ಸಿಗಲಿಲ್ಲ. ಅಂದರೆ,
ಇದ್ದರೆ ಇಷ್ಟಕ್ಕಿಂತಲೂ ಅಪರೂಪ, ಎಂದೊಂದು ಸಂಖ್ಯೆ,
ಚುಕ್ಕೆಯ ನಂತರ ಸೊನ್ನೆ, ಸೊನ್ನೆ, ಸೊನ್ನೆ,
ಅಷ್ಟು ದೂರ ಹೋಗಿ ಒಂದು ಅಂಕಿ.

ಚಂದಾಸಾಬ್ ಚಾ ಬಸಿಗೆ ಸುರುವಿಕೊಂಡು ಅಂದರು:
"ಹರಳು ಸಿಗಲಿಲ್ಲಂದ್ರ ಮಾಲು ಚೊಲೋ ಅದ ಅಂತ ಅಲ್ಲೇನ್ರೀ?"
ನಾನು ಹೂಂ ಅನ್ನಲಿಲ್ಲ.
ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು:
"ತೊಗರಿಗಿ ಎರಡೇ ಬ್ಯಾಳಿ. ಖರೆ ಅಂದ್ರ ಒಮ್ಮೆ
ಮೂರು ಬ್ಯಾಳಿದು ನೋಡೀನಿ ನಾ. ಇದೇ ಅಂಗೈದಾಗ.
ಮಂದಿಗಿ ತೋರಸೂದ್ರಾಗ ಚೀಲಕ್ಕ ಬಿತ್ತು."

ಯಾವ ವರ್ಷ? ನಾನು ಪೆನ್ನು ತಡಕಾಡಿದೆ.
ಎಷ್ಟು ಚೀಲಕ್ಕೊಂದು?
ಅವರು ಅಂಗೈ ನೋಡಿಕೊಂಡರು. ನಾನೂ ನೋಡಿದೆ.
ಹಳದಿ ಧೂಳು ಹಿಡಿದ ಗೆರೆಗಳು, ಒಂದು ಹಳೆಯ ಗಾಯ.