ಹೊರೆ

ಕೆರಗೋಡಿಂದ ಮಂಡ್ಯದ ಬೆಲ್ಲದ ಮಂಡಿವರೆಗೆ
ಇಳಿಸದೆ ಹೊರುತ್ತೇನೆಂದೆ, ಮೂವತ್ತು ಕೇಜಿ ಪೆಂಟೆ.
ಗಾಯಾಳು ಸೈನಿಕರ ನಿಧಿಗೆ, ಮೈಲಿಗಿಷ್ಟು ಎಂದು
ಬರೆದುಕೊಂಡರು ದಲ್ಲಾಳಿಗಳು; ಬರೆಯದೆ ನಕ್ಕವರೇ ಹೆಚ್ಚು.
"ಐವತ್ತೆಂಟಾಯ್ತಲ್ಲೋ ಜವರಪ್ಪ, ಸೊಂಟ ಯಾರ್ದು?"

ಹಮಾಲಿಯ ಸೊಂಟ ಯಾವತ್ತು ಹಮಾಲಿಯದಾಗಿತ್ತು?

ನಸುಕಿಗೆ ಹೊರಟೆ. ಸಿಂಬಿ ಸುತ್ತಿ ಕೊಟ್ಟವಳು ಪುಟ್ಟಲಿಂಗಿ.
ನಾಲೆ ಏರಿ ಮುಗಿಯುವಷ್ಟರಲ್ಲಿ
ಬೆವರಿಗೆ ಬೆಲ್ಲ ಕರಗಿ ಹುಬ್ಬಿಗಿಳಿದು
ಹಿಂದೆ ಮುಂದೆ ನೊಣಗಳ ಮೆರವಣಿಗೆ.
ಆಲೆಮನೆಯವರು ಚೊಂಬಲ್ಲಿ ಕೊಟ್ಟ ಕಬ್ಬಿನ ಹಾಲು
ಕತ್ತು ಬಾಗಿಸದೆ ಕುಡಿದೆ,
ಅರ್ಧ ಗಂಟಲಿಗೆ, ಅರ್ಧ ಎದೆಗೆ.

ಮಂಡಿ ಬಾಗಿಲಲ್ಲಿ ಊರುಗೋಲಿಗೊರಗಿ ನಿಂತಿದ್ದ
ತಿಮ್ಮಬೋವಿಯ ಮಗ ಯೋಗಾನಂದ,
ಎಡಗಾಲು ಹಿಮದಲ್ಲೇ ಬಿಟ್ಟು ಬಂದವನು.
ಒಂದೇ ಕೈ ಕೊಟ್ಟು ಇಳಿಸಿದ.
ತಕ್ಕಡಿಗಿಟ್ಟರೆ ಮುಕ್ಕಾಲು ಕೇಜಿ ಕಮ್ಮಿ.
ದಾರಿ ನೆಕ್ಕಿತ್ತು.

ಕೇಳಬಾರದಿತ್ತು, ಕೇಳಿದೆ: ನೋಯ್ತದಾ?
"ಇರೋ ಕಾಲು ನೋಯಕಿಲ್ಲ ಮಾವ.
ಇಲ್ದಿರೋದು ಕಡೀತದೆ, ರಾತ್ರಿಯೆಲ್ಲ.
ಎಲ್ಲಿ ಅಂತ ಕೆರ್ಕೊಳ್ಳದು?"

ದುಡ್ಡು ಎಣಿಸಿ ಕಳಿಸಿ ಇಪ್ಪತ್ತು ದಿನ.
ಮಗ್ಗುಲು ಬದಲಿಸುವಾಗ ಈಗಲೂ
ಕೈ ತಲೆ ಮೇಲಕ್ಕೆ ಹೋಗುತ್ತದೆ,
ಜಾರದಂತೆ ಹಿಡಿಯಲು.