ಕತ್ತಿಗೆ ಇನ್ನೊಂದು ಹೆಸರು

ಕರಿಹಲಗೆಯ ಮೇಲೆ ಗೆರೆ ಎಳೆದು ಬರೆದಿದ್ದೆ:
ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ.
ಶೆಟ್‌ಲ್ಯಾಂಡಿನ ಯೆಲ್ ದ್ವೀಪ, ನವೆಂಬರು,
ಮೂರೂವರೆಗೇ ಕತ್ತಲು.
ಕಬ್ಬಿಣದ ಒಲೆಯ ಸುತ್ತ ಹನ್ನೊಂದು ಜೊತೆ ಒದ್ದೆ ಕೈಗವಸು.
ನಾನು ಡಂಡೀ ಪಟ್ಟಣದವಳು,
ಬದಲಿ ಟೀಚರು, ಒಂದು ವರ್ಷದ ಮಟ್ಟಿಗೆ.

'ಅಂತೆ' ಇದ್ದರೆ ಉಪಮೆ, ಅಂದೆ.
'ಅಂತೆ' ಬಿದ್ದುಹೋದರೆ ರೂಪಕ.
ಮ್ಯಾಗ್ನಿ ಕೈಯೆತ್ತಿದ:
ಬಿದ್ದದ್ದು ಎಲ್ಲಿಗೆ ಹೋಗುತ್ತೆ ಮಿಸ್?
ಎಲ್ಲರೂ ನಕ್ಕರು. ಉತ್ತರ ಗೊತ್ತಿರಲಿಲ್ಲ,
ನಾನೂ ನಕ್ಕೆ.

ಅಲಂಕಾರವೆಂದರೆ ಮಾತಿಗೆ ತೊಡಿಸುವ ಒಡವೆ,
ಬರಿಗೊರಳಿಗೊಂದು ಸರ, ಅಂತಲೂ ಹೇಳಿದೆ.
ಆಗ ಹಿಂದಿನ ಬೆಂಚಿನ ಓಸ್ಲಾ,
ಹಾಜರಿಗೂ ತಲೆಯಾಡಿಸಿ ಮುಗಿಸುವವಳು, ಎದ್ದು ನಿಂತು
ತನ್ನಜ್ಜ ರಾಸ್ಮಿ ಕಡಲಿಗಿಳಿದರೆ
ಪಾದ್ರಿಯನ್ನು ಪಾದ್ರಿ ಅನ್ನುವುದಿಲ್ಲ ಅಂದಳು;
'ನೆಟ್ಟಗೆ ನಿಲ್ಲುವವ' ಅನ್ನುತ್ತಾನಂತೆ.
ಚರ್ಚು 'ಬೇಡುವ ಮನೆ'. ಬೆಕ್ಕು 'ಮೆಲ್ಲಡಿ'.
ಕತ್ತಿ 'ಸೀಳುವವ'.

ಭೇಷ್! ಅಂದೆ. ಬರೆಯುವ ರಭಸಕ್ಕೆ ಸೀಮೆಸುಣ್ಣ ಮುರಿಯಿತು.
ನೋಡಿ ಮಕ್ಕಳೇ, ಇದೇ ಲಕ್ಷಣೆ, ಇದೇ ರೂಪಕ,
ಎಂಥ ಚೆಂದದ ಅಲಂಕಾರ!
ಅಲಂಕಾರ ಅಲ್ಲ ಮಿಸ್, ಅಂದಳು.
ಭಯ.
ಕೂತಳು.

ಶನಿವಾರ ರಾಸ್ಮಿಯ ದೋಣಿಯಲ್ಲಿ ನಾನೂ ಇದ್ದೆ.
ಕೇಳಿಕೊಂಡು ಹೋದದ್ದು ನಾನೇ, ನೋಟುಬುಕ್ಕಿನ ಸಮೇತ.
ಹತ್ತುವ ಮೊದಲು ಅವನು ಹೇಳಿದ್ದು ಇಷ್ಟೇ:
ಬಾಯಿ ಸಡಿಲ ಬಿಡಬೇಡ. ಅದಕ್ಕೆ ಕೇಳಿಸುತ್ತೆ.
ಅದು ಎಂದರೆ ಯಾವುದು, ನಾನು ಕೇಳಲಿಲ್ಲ.
ಸುತ್ತ ಇದ್ದದ್ದು ಅದೊಂದೇ.

ಏಡಿಬುಟ್ಟಿಯ ಹಗ್ಗ ಅವನ ಮಣಿಕಟ್ಟು ಸುತ್ತಿದ್ದು ಕಾಣಲಿಲ್ಲ;
ಎಳೆತಕ್ಕೆ ಮುದುಕ ದೋಣಿಯಂಚಿಗೆ ಅಪ್ಪಳಿಸಿದ್ದು ಕಂಡೆ.
ಸೀಳುವವ! ಎಂದು ಕೂಗಿದ.
ನನಗೆ ಹೊಳೆಯಲಿಲ್ಲ.
ನನ್ನದೇ ಕೈಯಿಂದ ಹಲಗೆಯ ಮೇಲೆ ಬರೆದ ಶಬ್ದ,
ಕೆಳಗೆ ಎರಡು ಗೆರೆ ಎಳೆದ ಶಬ್ದ.
ಏನು? ಏನು ಬೇಕು?
ಮುಖ ನೇರಳೆಗೆ ತಿರುಗುತ್ತಿತ್ತು. ಹಲ್ಲು ಕಚ್ಚಿ
ಮತ್ತೆ ಅದನ್ನೇ ಅಂದ, ಮತ್ತೊಮ್ಮೆ ಅದನ್ನೇ,
ಆ ಇನ್ನೊಂದನ್ನು ಅನ್ನಲಿಲ್ಲ.
ಕತ್ತಿಯಾ? ನಾನೇ ಅರಚಿದೆ ನೀರಿನ ಮುಖಕ್ಕೆ,
ಕತ್ತಿ, ಕತ್ತಿ ಎನ್ನುತ್ತಲೇ ಪೆಟ್ಟಿಗೆ ತಡಕಿ
ಸಿಕ್ಕಿ, ಕೊಟ್ಟು,
ಹಗ್ಗ ತುಂಡಾಯಿತು.

ಅವನು ಮಣಿಕಟ್ಟು ನೆಕ್ಕಿಕೊಂಡ. ದೋಣಿ ತಿರುಗಿಸಿದ.
ಇಪ್ಪತ್ತು ಬುಟ್ಟಿ ಇನ್ನೂ ಇಳಿಸದೇ ಇದ್ದವು.
ದಕ್ಕೆಯ ಕಲ್ಲಿನ ಮೇಲೆ ಎರಡು ಕಾಲೂ ಊರಿದ ಮೇಲೆ,
ಬೈಯುವ ದನಿಯೇನಲ್ಲ:
ಶಬ್ದ ಸರಿಯಾಗಿತ್ತು ಕೂಸೇ.
ಹೇಳಿದ ಜಾಗ ಸರಿಯಿರಲಿಲ್ಲ.

ಸೋಮವಾರ ಹಾಲಿಗೆ ಹೋದರೆ ಅಂಗಡಿಯ ತುಂಬ:
ಟೀಚರು ಅದನ್ನು ಅಂದಳಂತೆ.
ಮೂರು ಸಲ ಅಂದಳಂತೆ.
ಮುದುಕ ಬರಿಗೈಲಿ ಬಂದನಂತೆ.
ಬಿದ್ದುಹೋದ 'ಅಂತೆ' ಎಲ್ಲಿಗೆ ಹೋಗುತ್ತದೆಂದು
ತಿಳಿಯಿತು ಕಣೋ ಮ್ಯಾಗ್ನಿ.

ಡಿಸೆಂಬರಿನ ಪರೀಕ್ಷೆ. ಮೂರನೆಯ ಪ್ರಶ್ನೆ:
ರೂಪಕಕ್ಕೆ ಒಂದು ಉದಾಹರಣೆ ಕೊಟ್ಟು ವಿವರಿಸಿ. ಎರಡು ಅಂಕ.
ಹತ್ತು ಹಾಳೆಗಳಲ್ಲಿ ಚಂದ್ರ ಒಂದು ತಟ್ಟೆ
(ನಾನು ಹೇಳಿಕೊಟ್ಟ ತಟ್ಟೆಯೇ).
ಹನ್ನೊಂದನೆಯದು ಓಸ್ಲಾಳದು:
ಅಜ್ಜನ ದೋಣಿಯಲ್ಲಿ ಸೀಳುವವ ಅನ್ನುತ್ತೇವೆ,
ಯಾಕೆಂದರೆ ಅದರ ಹೆಸರು
ಅಂತ ಬರೆದು
ಎರಡು ಅಕ್ಷರದಷ್ಟು ಜಾಗ ಖಾಲಿ ಬಿಟ್ಟು
ಪೂರ್ಣವಿರಾಮ ಇಟ್ಟಿದ್ದಳು.

ಕೆಂಪು ಪೆನ್ನು ಹಿಡಿದೆ. ಟೀಚರ ಕೈ ಅಲ್ಲವೇ,
ಬಿಟ್ಟ ಸ್ಥಳ ಕಂಡರೆ ತುಂಬಹೋಗುತ್ತದೆ.
ಹೊರಗೆ ಭರತದ ಹೊತ್ತು,
ಕೊಲ್ಲಿಯ ನೀರು ಶಾಲೆಯ ಗೋಡೆಯವರೆಗೂ ಬಂದಿತ್ತು.

ಎದ್ದು, ಮೊದಲು
ಕಿಟಕಿ ಮುಚ್ಚಿದೆ.